ಥೈರಾಯ್ಡ್ ಕಣ್ಣು: ‘ದುರುಗುಟ್ಟು’, ‘ರೆಪ್ಪೆ ಸೆಳೆತ’, ‘ದೃಷ್ಟಿ’ ಬದಲು ಯಾವ ಪದ?

ಥೈರಾಯ್ಡ್ ಕಣ್ಣಿನ ಕಾಯಿಲೆಯಿಂದ (ಥೈರಾಯ್ಡ್ ಗ್ರಂಥಿಯ ತೊಂದರೆ ಇರುವವರಲ್ಲಿ ಹೆಚ್ಚಾಗಿ ಕಾಣುವ ಕಣ್ಣಿನ ಬಾವು) ಬದಲಾದ ಮುಖವನ್ನು ನೋಡುಗರು ಹೇಗೆ ನೋಡುತ್ತಾರೆ ಎಂದು ಕನ್ನಡದಲ್ಲಿ ಬರೆಯುವಾಗ ಎರಡು ಕಡೆ ಪದ ಕೈಕೊಡುತ್ತದೆ.

ಮೊದಲು ಕಣ್ಣು. ‘ಉಬ್ಬುಗಣ್ಣು’ ಎಂದರೆ ಮೂರು ಬೇರೆ ಬೇರೆ ಬದಲಾವಣೆಗಳು ಒಂದರಲ್ಲೇ ಕಲಸಿಹೋಗುತ್ತವೆ. ಕಣ್ಣುಗುಡ್ಡೆಯ ಹಿಂದಿರುವ ಕೊಬ್ಬು, ಸ್ನಾಯು ದಪ್ಪಗಾಗಿ ಗುಡ್ಡೆಯೇ ಮುಂದಕ್ಕೆ ಬರುವುದು ಒಂದು. ಹರ್ಟೆಲ್ ಉಪಕರಣವನ್ನು ಕಣ್ಣುಗೂಡಿನ ಹೊರ ಅಂಚಿಗೆ ಆನಿಸಿ ಮಿಲಿಮೀಟರಿನಲ್ಲಿ ಅಳೆಯುವುದು ಇದನ್ನೇ. ‘ಉಬ್ಬು’ ಇದಕ್ಕಷ್ಟೇ ಇರಲಿ. ರೆಪ್ಪೆ ಬಾತುಕೊಳ್ಳುವುದಕ್ಕೆ ‘ಊತ’ ಇದೆ. ಮೂರನೆಯದೇ ತೊಡಕಿನದು: ಮೇಲ್ರೆಪ್ಪೆ ಮೇಲಕ್ಕೆ ಸರಿಯುವುದು. ಸಾಮಾನ್ಯವಾಗಿ ಅದು ಕರಿಗುಡ್ಡೆಯ ಮೇಲಂಚನ್ನು 1–2 ಮಿ.ಮೀ. ಮುಚ್ಚಿರುತ್ತದೆ. ಸರಿದಾಗ ಅಲ್ಲಿ ತೆಳ್ಳನೆಯ ಬಿಳಿ ಪಟ್ಟಿ ಕಾಣುತ್ತದೆ. ಗುಡ್ಡೆ ಮುಂದೆ ಬಾರದಿದ್ದರೂ ಆ ಪಟ್ಟಿಯೊಂದೇ ಸಾಕು, ಸುಮ್ಮನೆ ಕೂತವರ ಮುಖದಲ್ಲೂ ಗಾಬರಿಯೋ ಸಿಟ್ಟೋ ಇದ್ದಂತೆ ಕಾಣಲು.

ಇಂಗ್ಲಿಷಿನಲ್ಲಿ ‘ಲಿಡ್ ರಿಟ್ರ್ಯಾಕ್ಷನ್’ ಎನ್ನುವ ಇದನ್ನು ‘ರೆಪ್ಪೆ ಸೆಳೆತ’ ಎಂದರೆ ಸ್ನಾಯು ಹಿಡಿದುಕೊಂಡಿದೆ ಎಂದಾಗುತ್ತದೆ. ಅದು ಬೇರೆಯೇ ತೊಂದರೆ. ‘ಹಿಂಜರಿತ’ ಈಗ ಅರ್ಥಶಾಸ್ತ್ರದವರ ಪಾಲಾಗಿದೆ. ‘ರೆಪ್ಪೆಯೇರಿಕೆ’ ಒಪ್ಪುತ್ತದೆಯೇ?

‘ದುರುಗುಟ್ಟು’ ಮಾತ್ರ ಖಂಡಿತ ಬೇಡ. ಆ ಕ್ರಿಯಾಪದ ಬೇಕೆಂದೇ ಹಾಗೆ ನೋಡುವ ಕರ್ತೃವನ್ನು ಕೇಳುತ್ತದೆ. ‘ರೋಗಿ ದುರುಗುಟ್ಟಿ ನೋಡುತ್ತಾರೆ’ ಎಂದು ಬರೆದರೆ ನೋಡುಗರ ತಪ್ಪು ತಿಳಿವಳಿಕೆಯನ್ನು ರೋಗಿಯ ಸ್ವಭಾವಕ್ಕೆ ಅಂಟಿಸಿದಂತೆ. ರೆಪ್ಪೆ ಇಳಿಸುವುದು ಅವರ ಕೈಯಲ್ಲಿಲ್ಲ. ‘ಕಣ್ಣು ಅಗಲಿಸಿದಂತೆ ಕಾಣುತ್ತದೆ’ ಎನ್ನುವುದೇ ನ್ಯಾಯ.

ಇನ್ನು ನೋಡುಗರ ಕಡೆ. ಸಂಶೋಧಕರು ಪರದೆಯ ಮೇಲೆ ಮುಖದ ಚಿತ್ರವಿಟ್ಟು, ಐ-ಟ್ರ್ಯಾಕರ್‌ನಿಂದ (ನೋಡುಗರ ಕಣ್ಣಿನ ಚಲನೆಯನ್ನು ಗುರುತಿಸುವ ಉಪಕರಣ) ನೋಟ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತೆಂದು ಅಳೆಯುತ್ತಾರೆ. ನೋಟ ಹರಿಯುವುದಿಲ್ಲ, ಒಂದೆಡೆ ಸುಮಾರು 200–300 ಮಿಲಿಸೆಕೆಂಡ್ ನಿಂತು ಇನ್ನೊಂದೆಡೆಗೆ ಜಿಗಿಯುತ್ತದೆ. ನಿಲ್ಲುವುದಕ್ಕೆ ‘ದಿಟ್ಟಿಸು’ ಎಂದರೆ ಅತಿಯಾಯಿತು, ಅಷ್ಟು ಕಡಿಮೆ ಹೊತ್ತಿನಲ್ಲಿ ಯಾರೂ ದಿಟ್ಟಿಸುವುದಿಲ್ಲ. ‘ದೃಷ್ಟಿ ಬಿದ್ದ ಜಾಗ’ ಎಂದರೆ ಮನೆಮಂದಿ ಉಪ್ಪು, ಮೆಣಸಿನಕಾಯಿ ನಿವಾಳಿಸುವುದನ್ನೇ ನೆನೆಯುತ್ತಾರೆ. ‘ನೋಟ ತಂಗು’, ‘ನೋಟದ ಜಿಗಿತ’ ಸಾಕೆನಿಸುತ್ತದೆ. ಒಂದು ಭಾಗದಲ್ಲಿ ಒಟ್ಟು ಕಳೆದ ಸಮಯಕ್ಕೆ ‘ತಂಗಿದ ಹೊತ್ತು’.

ವಾಕ್ಯದಲ್ಲಿ ಬಳಸುವಾಗ ಒಂದು ಎಚ್ಚರ. ಯಾವ ಮುಖದಲ್ಲಾದರೂ ನೋಟ ಹೆಚ್ಚಾಗಿ ತಂಗುವುದು ಕಣ್ಣಿನ ಮೇಲೇ. ಹಾಗಾಗಿ ಕಾಯಿಲೆಯಿಲ್ಲದ ಮುಖದ ಅಳತೆಯನ್ನು ಪಕ್ಕದಲ್ಲಿಡದೆ ‘ಹೆಚ್ಚು ಹೊತ್ತು ತಂಗಿತು’ ಎಂದು ಬರೆಯುವಂತಿಲ್ಲ. ‘ತಂಗಿತು’ ಎಂಬುದನ್ನು ‘ಅಸಹ್ಯಪಟ್ಟರು’ ಎಂದು ಅನುವಾದಿಸುವುದಂತೂ ಸುಳ್ಳು. ಅದನ್ನು ನೋಡುಗರನ್ನೇ ಬೇರೆಯಾಗಿ ಕೇಳಬೇಕು.

‘ರೆಪ್ಪೆಯೇರಿಕೆ’ಗಿಂತ ಹಗುರವಾದ ಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ, ಊರಿನ ಹೆಸರಿನೊಂದಿಗೆ ತಿಳಿಸಿ.