‘ನಾಯಬ್’, ‘ಸಿರಿದಾರ್’: ಕನ್ನಡದಲ್ಲಿ ಹೇಗೆ ಬರೆಯೋಣ?

ಗೆಳೆಯರೇ,

ಫ್ರಾಂಕ್ ಹರ್ಬರ್ಟ್ ಬರೆದ ವೈಜ್ಞಾನಿಕ ಕಾದಂಬರಿ ‘ಡ್ಯೂನ್’ (1965) ಓದಿದವರು ಇಲ್ಲಿ ಇದ್ದೇ ಇರುತ್ತೀರಿ. ಅದರಲ್ಲಿ ಮರಳುಗಾಡಿನ ಫ್ರೆಮೆನ್ ಪಂಗಡದ ಮುಖ್ಯಸ್ಥನಿಗೆ ‘ನಾಯಬ್’ ಅನ್ನುತ್ತಾರೆ. ಶತ್ರುವಿನ ಕೈಗೆ ಜೀವಂತ ಸಿಗುವುದಿಲ್ಲ ಅಂತ ಆಣೆ ಇಟ್ಟವನು. ಕೇಳಿದರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಆದರೆ ಅರಬ್ಬಿಯಲ್ಲಿ ನಾಯಬ್ ಅಂದರೆ ಸುಮ್ನೆ ಒಬ್ಬರ ಪರವಾಗಿ ಕೆಲಸ ನೋಡಿಕೊಳ್ಳುವವನು. ನಮ್ಮ ಸೈನ್ಯದಲ್ಲಿ ಸುಬೇದಾರರ ಕೆಳಗೆ ನಾಯಬ್ ಸುಬೇದಾರ್. ಉತ್ತರದ ಕಡೆ ನಾಯಬ್ ತಹಶೀಲ್ದಾರ್, ನಮ್ಮಲ್ಲಿ ಉಪ ತಹಶೀಲ್ದಾರ್. ಇದೇ ಪದದ ಬಹುವಚನವನ್ನು ಮರ್ಯಾದೆಗೆ ಬಳಸಿ ‘ನವಾಬ’ ಹುಟ್ಟಿತು.

ಹಾಗಾದರೆ ಬರೀ ‘ಉಪ’ ಅನ್ನಿಸಿಕೊಳ್ಳುವವನು ಪಂಗಡದ ಹುಲಿ ಆಗಿದ್ದು ಹೇಗೆ? ಅದಕ್ಕೆ ಕಾಕಸಸ್ ಬೆಟ್ಟಗಳಿಗೆ ಹೋಗಬೇಕು. ದಾಗೆಸ್ತಾನ, ಚೆಚೆನ್ಯಾ ಸೀಮೆಯಲ್ಲಿ ಇಮಾಮ್ ಶಮಿಲ್ 1834ರಿಂದ 1859ರವರೆಗೆ ರಷ್ಯಾ ಚಕ್ರವರ್ತಿಯ ದಂಡಿನ ಎದುರು ನಿಂತಿದ್ದ. ತನ್ನ ನಾಡನ್ನು ಭಾಗ ಮಾಡಿ ಒಂದೊಂದಕ್ಕೂ ಒಬ್ಬ ನಾಯಬನನ್ನು ಕೂರಿಸಿದ. ಹೆಸರಿಗೆ ಇಮಾಮನ ಪ್ರತಿನಿಧಿ, ಆದರೆ ಅಲ್ಲಿನ ಆಡಳಿತ, ದಂಡು ಎರಡೂ ಅವನ ಕೈಯಲ್ಲಿ. ಆ ಯುದ್ಧದ ಬಗ್ಗೆ ಲೆಸ್ಲಿ ಬ್ಲಾಂಚ್ 1960ರಲ್ಲಿ ಒಂದು ಪುಸ್ತಕ ತಂದರು. ಹರ್ಬರ್ಟ್ ಅದರಿಂದ ಧಾರಾಳವಾಗಿ ಎತ್ತಿಕೊಂಡಿದ್ದಾರೆ. ಮನೆತನಗಳ ಹಗೆಗೆ ಬಳಸುವ ‘ಕನ್ಲಿ’, ಗುಟ್ಟಿನ ಭಾಷೆ ‘ಚಕೋಬ್ಸಾ’ ಎರಡೂ ಅಲ್ಲಿನವೇ. ಕನ್ಲಿಯಲ್ಲಿರುವ ತುರ್ಕಿ ಪದ ‘ಕಾನ್’ ಅಂದರೆ ರಕ್ತ.

ಕಾದಂಬರಿಯಲ್ಲಿ ಚಕ್ರವರ್ತಿಗೆ ಇರುವ ಬಿರುದು ‘ಪಾದಿಶಾ ಎಂಪರರ್’ ವಿಷಯ ಜಾಸ್ತಿ ಹೇಳಬೇಕಿಲ್ಲ. ಪಾದಶಹ ಅಂದರೇನೇ ಚಕ್ರವರ್ತಿ, ನಮ್ಮ ‘ಗೇಟುಬಾಗಿಲು’ ಥರ. ಇನ್ನು ಅದರಲ್ಲೇ ಬರುವ ‘ಕೈದ್’ ಅನ್ನೋ ಸೇನಾ ಹುದ್ದೆ: ಜಿನ್ನಾ ಅವರ ‘ಕೈದ್-ಎ-ಆಜಂ’ ಬಿರುದಿನಲ್ಲಿರುವ ಪದವೇ ಅದು, ಮುಂದಾಳು ಅಂತ ಅರ್ಥ. ನಮ್ಮ ‘ಕಾಯಿದೆ’ಗೂ ಇದಕ್ಕೂ ನಂಟಿಲ್ಲ, ಅರಬ್ಬಿ ಧಾತುಗಳೇ ಬೇರೆ.

ನನಗೆ ತಲೆನೋವು ‘ಸಿರಿದಾರ್’. ಕಾದಂಬರಿಯ ಖಳನಾಯಕ ಬ್ಯಾರನ್ ಹಾರ್ಕೊನೆನ್‌ನ ಹುದ್ದೆ, ಗ್ರಹವೊಂದರ ಆಡಳಿತಗಾರ. ಪರ್ಶಿಯನ್ನಿನ ‘ಸರದಾರ’ನನ್ನೇ ತಿರುಚಿದ ಹಾಗಿದೆ. ಅನುವಾದದಲ್ಲಿ ‘ಸರದಾರ’ ಅಂತ ಬರೆದರೆ ವಲ್ಲಭಭಾಯಿ ಪಟೇಲರು ನೆನಪಾಗುತ್ತಾರೆ. ‘ಸಿರಿದಾರ್’ ಅಂತ ಹಾಗೇ ಬಿಟ್ಟರೆ ತಾಲ್ಲೂಕು ಕಚೇರಿಯ ಶಿರಸ್ತೇದಾರರು ಕಡತ ಹಿಡಿದು ಬಂದೇಬಿಡುತ್ತಾರೆ! ಇಂಗ್ಲಿಷ್ ಓದುಗರಿಗೆ ದೂರದ ಲೋಕದ ಸದ್ದು, ನಮಗೆ ಪಹಣಿ ಕೌಂಟರಿನ ಸದ್ದು. ನನಗಂತೂ ‘ಸಿರಿದಾರ್’ ಬೇಡ ಅನ್ನಿಸುತ್ತಿದೆ. ‘ಮಂಡಲೇಶ್ವರ’ ಹೊಂದುತ್ತದೆಯೇ?

ಇನ್ನೊಂದು ಪ್ರಶ್ನೆ. ‘ನಾಯಬ’ ಅನ್ನೋದು ಬೇರೆ ಹುದ್ದೆಯ ಹೆಸರಿಗೆ ಅಂಟಿಕೊಳ್ಳದೆ, ಒಂಟಿಯಾಗಿ ಕನ್ನಡ ಕೈಫಿಯತ್ತುಗಳಲ್ಲೋ (ಊರುಗಳ ಹಳೇ ಚರಿತ್ರೆಯ ಬರಹ) ಹಳೇ ಜಮಾಬಂದಿ (ಕಂದಾಯ ಲೆಕ್ಕದ) ಕಾಗದಗಳಲ್ಲೋ ಯಾರಾದರೂ ನೋಡಿದ್ದೀರಾ? ಊರು, ಇಸವಿ ಸಮೇತ ತಿಳಿಸಿದರೆ ಉಪಕಾರ.