ಮೂರು ವರ್ಷದ ಮಗಳನ್ನು ಕರೆದುಕೊಂಡು ದುರ್ಗದ ಕೋಟೆಗೆ ಹೋಗಬಹುದಾ?

ವಿದ್ಯಾನಗರದ ಅಮ್ಮ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಮೂರು ವರ್ಷ. ಮನೆಯವರಿಗೆ ರಜೆ ಅಂತ ಇರೋದು ಭಾನುವಾರ ಒಂದೇ. ಭಾನುವಾರ ಬಂತು ಅಂದರೆ ಗಾಜಿನ ಮನೆ, ಇಲ್ಲಾಂದ್ರೆ ಕುಂದುವಾಡ ಕೆರೆ ಏರಿ. ಅವಳಿಗೇನೂ ಬೇಜಾರಿಲ್ಲ, ನನಗೆ ಬಂದಿದೆ. ಒಂದು ದಿನ ಚಿತ್ರದುರ್ಗದ ಕೋಟೆಗೆ ಹೋಗಿ ಬರೋಣ ಅಂತ ಆಸೆ.

ಮನೆಯವರು ಒಪ್ಪುತ್ತಿಲ್ಲ. "ಇಷ್ಟು ಚಿಕ್ಕವಳಿಗೆ ಕೋಟೆ ಏನು ತಿಳಿಯುತ್ತೆ? ಕೊನೆಗೆ ನಾನೇ ಹೊತ್ತುಕೊಂಡು ಹತ್ತಬೇಕು" ಅಂತಾರೆ. ಅದೂ ನಿಜವೇ. ಇವಳಿಗೆ ನೆಟ್ಟಗೆ ನಡೆಯೋದು ಗೊತ್ತೇ ಇಲ್ಲ. ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತಾಳೆ, ಕಲ್ಲು ಆರಿಸುತ್ತಾಳೆ. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ದುಡ್ಡಿಗಿಂತ ಜಲ್ಲಿಯೇ ಜಾಸ್ತಿ. ಮಧ್ಯಾಹ್ನ ಒಂದು ಗಂಟೆಗೆ ನಿದ್ದೆ ಆಗಲೇಬೇಕು, ತಪ್ಪಿದರೆ ರಾತ್ರಿ ತನಕ ರಗಳೆ. ಹೊರಗಡೆ ತಿನ್ನೋದು ಮಂಡಕ್ಕಿ ಮಾತ್ರ, ಅದೂ ಖಾರ ಇಲ್ಲದ್ದು. ದಾವಣಗೆರೆಯಲ್ಲಿ ಖಾರ ಇಲ್ಲದ ಮಂಡಕ್ಕಿ ಕೇಳಿ ನೋಡಿ, ಅಂಗಡಿಯವರು ಯಾವ ಊರಿನವರು ಅಂತ ಕೇಳುತ್ತಾರೆ.

ಅತ್ತೆಯವರೂ ಬರುತ್ತೇನೆ ಅಂತಿದ್ದಾರೆ. ಅವರಿಗೆ ಮಂಡಿ ನೋವು. ಕಾರಿಲ್ಲ, ಬೈಕ್ ಇದೆ. ಇಲ್ಲಾಂದ್ರೆ ಬಸ್ಸು. ಚಿಕ್ಕ ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ. ಇನ್ನೂ ಎರಡು ವರ್ಷ ಕಾಯಲಾ, ಈಗಲೇ ಹೋಗಲಾ?

ಆನಗೋಡು ಕಡೆಯವನು:

ಕಾಯಿರಿ ಅಂತ ನನ್ನ ಓಟು. ಈ ವಯಸ್ಸಿಗೆ ಪ್ರಾಣಿ ಸಾಕು. ನಮ್ಮ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯ ನಿಮಗೆ ದುರ್ಗದ ಹೈವೇಯಲ್ಲೇ ಸಿಗುತ್ತೆ, ದೂರವೇನಿಲ್ಲ. ಜಿಂಕೆ, ನವಿಲು, ಚಿರತೆ ಇವೆ. ದೊಡ್ಡ ಜಾಗ ಅಲ್ಲ, ಅದೇ ಒಳ್ಳೇದು. ಮಗುವಿನ ಕಾಲಿಗೆ ಸರಿಯಾಗುತ್ತೆ, ಅಜ್ಜಿ ಅಲ್ಲಲ್ಲಿ ಕೂರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹುಡುಗ ಚಿರತೆ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ನೀರಿನ ಪೈಪು ಸೋರುತ್ತಿತ್ತು, ಅದರ ಮುಂದೆ ಕೂತವನು ಏಳಲಿಲ್ಲ.

ಕೋಟೆ ಕೆಳಗಿನ ಅಜ್ಜ, ಚಿತ್ರದುರ್ಗ:

ನೋಡಮ್ಮ, ನಾನು ಕೋಟೆ ಕೆಳಗೇ ಹುಟ್ಟಿ ಬೆಳೆದವನು. ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದೆ, ಈಗ ರಿಟೈರ್ಡ್. ಕಂಬ ಹತ್ತಿ ಹತ್ತಿ ಕಾಲು ಇನ್ನೂ ಗಟ್ಟಿ ಇವೆ. ಮೊಮ್ಮಗನಿಗೆ ಈಗ ನಾಲ್ಕು. ಅವನು ನಡೆಯೋಕೆ ಕಲಿತಾಗಿನಿಂದ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಲ್ಲು ಆರಿಸುವ ಮಗು ಅಂದಿರಿ. ಕಲ್ಲಿನ ಕೋಟೆಗೆ ಇನ್ನೆಂಥ ಮಗು ಬೇಕು ತಾಯಿ? ಕರೆದುಕೊಂಡು ಬನ್ನಿ.

ಆದರೆ ಪೂರ್ತಿ ಕೋಟೆ ನೋಡುವ ಆಸೆ ಮನೆಯಲ್ಲೇ ಬಿಟ್ಟು ಬನ್ನಿ. ಏಳು ಸುತ್ತಿನ ಕೋಟೆ ಇದು. ದೊಡ್ಡವರಿಗೇ ಒಂದು ದಿನ ಸಾಲದು. ಭಾನುವಾರ ನೋಡುತ್ತಿರುತ್ತೇನೆ, ಅಪ್ಪ ಅಮ್ಮ ಗೈಡ್ ಹಿಂದೆ ಓಡುತ್ತಾರೆ, ಮಗು ಅವರ ಹಿಂದೆ ಅಳುತ್ತಾ ಬರುತ್ತೆ. ಆ ಮಗುವಿನ ಕಣ್ಣಿಗೆ ಬೀಳೋದು ಜನರ ಪ್ಯಾಂಟು ಮಾತ್ರ.

ಬೆಳಿಗ್ಗೆ ಎಂಟಕ್ಕೆ ಟಿಕೆಟ್ ಕೌಂಟರ್ ಹತ್ರ ಇರಿ. ಹತ್ತೂವರೆಗೆಲ್ಲ ಕೆಳಗೆ ಇಳಿದುಬಿಡಿ. ಆಮೇಲೆ ಬಂಡೆ ಕಾಯುತ್ತೆ. ದೊಡ್ಡವರಿಗೆ ಬಿಸಿಲು ತಲೆ ಮೇಲೆ ಬೀಳುತ್ತೆ, ಮಕ್ಕಳಿಗೆ ಕೆಳಗಿನಿಂದ ಬಂಡೆಯ ಕಾವೂ ಬಡಿಯುತ್ತೆ, ಅವರು ನೆಲಕ್ಕೆ ಅಷ್ಟು ಹತ್ರ ಅಲ್ವಾ. ಮಾರ್ಚ್‌ನಿಂದ ಮೇ ತನಕ ಈ ಕಡೆ ತಲೆ ಹಾಕಬೇಡಿ. ಮಳೆ ಬಂದ ಮಾರನೇ ದಿನವೂ ಬೇಡ, ಬಂಡೆ ಜಾರುತ್ತೆ. ದೀಪಾವಳಿಯಿಂದ ಶಿವರಾತ್ರಿ ತನಕ ಚೆನ್ನಾಗಿರುತ್ತೆ. ಕೋಟೆ ಇರೋದು ಕೇಂದ್ರದ ಪುರಾತತ್ವ ಇಲಾಖೆ ಕೈಯಲ್ಲಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಒಳಗೆ ಹೋಗುವಾಗ ಬಾಗಿಲ ಹತ್ರ ಗೋಡೆ ಮೇಲೆ ಹಾವು ಕೆತ್ತಿದ್ದಾರೆ. ನಮ್ಮ ಹುಡುಗ ಹೋದಾಗಲೆಲ್ಲ ಅದಕ್ಕೆ "ತಿಂಡಿ ಆಯ್ತಾ?" ಅಂತ ಕೇಳುತ್ತಾನೆ. ಉತ್ತರ ನಾನು ಕೊಡಬೇಕು. ಒಂದು ಬಾಗಿಲಿಂದ ಇನ್ನೊಂದಕ್ಕೆ ದಾರಿ ನೇರ ಇಲ್ಲ, ಸೊಟ್ಟಪಟ್ಟ ತಿರುಗುತ್ತೆ. ಶತ್ರುಗಳ ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟಿದ್ದು. ಪಾಳೆಗಾರರು ಯುದ್ಧಕ್ಕೆ ಅಂತ ಕಟ್ಟಿಸಿದ ತಿರುವು ಈಗ ಕಣ್ಣಾಮುಚ್ಚಾಲೆಗೆ ಹೇಳಿ ಮಾಡಿಸಿದ ಜಾಗ ಆಗಿದೆ. "ಆ ತಿರುವಿನ ಆಚೆ ಏನಿದೆ?" ಅಂತ ಕೇಳಿದರೆ ಸಾಕು, ಮಗು ತಾನೇ ಓಡುತ್ತೆ. ನಿಮ್ಮ ಮನೆಯವರ ಹೆಗಲು ಅಷ್ಟು ಹೊತ್ತು ಉಳಿಯುತ್ತೆ.

ಮುಂದೆ ಮದ್ದು ಅರೆಯುತ್ತಿದ್ದ ಗುಂಡಿ, ದೊಡ್ಡ ದೊಡ್ಡ ಬೀಸುವ ಕಲ್ಲುಗಳು. ಆನೆ ಕಟ್ಟಿ ತಿರುಗಿಸುತ್ತಿದ್ದರು ಅಂತ ಇಲ್ಲಿನವರು ಹೇಳುತ್ತಾರೆ. ಅಂಚಿನಲ್ಲಿ ಮಗುವಿನ ಕೈ ಬಿಡಬೇಡಿ. ಮೇಲೆ ಗುಡಿಗಳ ಹತ್ರ ಕಲ್ಲಿನ ಉಯ್ಯಾಲೆ ಕಂಬ ಇದೆ. ಅದರ ಹೆಸರನ್ನು ಮಾತ್ರ ಮಗುವಿನ ಎದುರು ಎತ್ತಬೇಡಿ. ಉಯ್ಯಾಲೆ ಎಲ್ಲಿ ಅಂತ ಹಟ ಹಿಡಿದರೆ ಮದಕರಿ ನಾಯಕ ಬಂದರೂ ಸಮಾಧಾನ ಮಾಡೋಕಾಗಲ್ಲ.

ಇನ್ನು ಓಬವ್ವನ ಕಿಂಡಿ. ಇದಕ್ಕೆ ಹಿಂದಿನ ರಾತ್ರಿಯೇ ಮನೆಯಲ್ಲಿ ತಯಾರಿ ಆಗಬೇಕು. ಕಾವಲುಗಾರ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ಹೆಂಡತಿ ಓಬವ್ವ ನೀರು ತರೋಕೆ ಹೋದಳು. ನೋಡಿದರೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕ ತಲೆ ತೂರಿಸುತ್ತಿದ್ದಾನೆ. ಕೈಯಲ್ಲಿ ಒನಕೆ. ಅಲ್ಲಿಂದ ಮುಂದೆ ನಾನು "ಟಣ್" ಅಂತ ಮುಗಿಸುತ್ತೇನೆ, ರಕ್ತದ ಮಾತು ಎತ್ತಲ್ಲ. ನಮ್ಮ ಹುಡುಗ ಪೂರ್ತಿ ಕಥೆ ಕೇಳಿ, "ಅವಳ ಗಂಡ ಊಟ ಮಾಡಿ ಮುಗಿಸಿದನಾ?" ಅಂದ. ಇಷ್ಟು ವರ್ಷದಲ್ಲಿ ನನಗೆ ಆ ಪ್ರಶ್ನೆ ಬಂದಿರಲಿಲ್ಲ. ಮನೆಯಲ್ಲಿ ಕಥೆ ಕೇಳಿದ ಮಗು ಆ ಕಿಂಡಿ ಮುಂದೆ ತಾನೇ ನಿಲ್ಲುತ್ತೆ. ದೊಡ್ಡವರು ಮೈ ಹಿಡಿ ಮಾಡಿಕೊಂಡು ನುಸುಳಬೇಕು, ಮಕ್ಕಳಿಗೆ ಸಲೀಸು. ಏನು ತಿಳಿಯುತ್ತೆ ಅಂತ ಕೇಳಿದ ನಿಮ್ಮ ಮನೆಯವರು ಅಲ್ಲಿ ಅವಳ ಮುಖ ನೋಡಲಿ.

ತುಪ್ಪದ ಕೊಳಕ್ಕೆ ಹೋಗಲೇಬೇಡಿ. ಕಡಿದಾದ ಬಂಡೆ, ಪಾದ ಊರೋಕೆ ಕೊರೆದ ಸಣ್ಣ ಕುಳಿಗಳು. ಮಗು ಎತ್ತಿಕೊಂಡು ಹತ್ತುವ ಜಾಗ ಅಲ್ಲ ಅದು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ದೂರದಿಂದ ನೋಡಿದರೆ ಸಾಕು.

ಕೋತಿ ಬಗ್ಗೆ ಬೇರೆ ಹೇಳಬೇಕಾ? ಪ್ಲಾಸ್ಟಿಕ್ ಕವರ್ ಸದ್ದಾದರೆ ಸಾಕು, ಎಲ್ಲಿದ್ದರೂ ಬರುತ್ತವೆ. ಮಗುವಿನ ಕೈಗೆ ತಿನ್ನೋದು ಏನೂ ಕೊಡಬೇಡಿ. ಹತ್ತೋಕೆ ಮುಂಚೆ ತಿಂಡಿ, ಇಳಿದ ಮೇಲೆ ಮೊಸರನ್ನ. ಬಾಟಲಿ ನೀರು ಬ್ಯಾಗಿನ ಒಳಗೆ. ಶೌಚದ ಕೆಲಸವೂ ಕೆಳಗೇ ಮುಗಿಸಿ. ಕಾಲಿಗೆ ಚಪ್ಪಲಿ ಬೇಡ, ಜಾರದ ಶೂ ಇರಲಿ. ಇನ್ನೂ ಬರೆಯೋದಿತ್ತು, ಮೊಮ್ಮಗ ಫೋನ್ ಕೇಳುತ್ತಿದ್ದಾನೆ.

ಹರಿಹರದ ಸೊಸೆ:

ಅಜ್ಜ ಚೆನ್ನಾಗಿ ಹೇಳಿದರು. ಬೈಕಿನ ವಿಚಾರ ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಬೈಕ್ ಬೇಡ. ಅತ್ತೆಯವರನ್ನು ಎಲ್ಲಿ ಕೂರಿಸುತ್ತೀರಿ, ಅದು ಒಂದು. 2023ರ ಫೆಬ್ರವರಿಯಿಂದ ನಾಲ್ಕು ವರ್ಷದೊಳಗಿನ ಮಕ್ಕಳ ಬಗ್ಗೆ ಕೇಂದ್ರದ ನಿಯಮ ಬೇರೆ ಇದೆ. ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್, ಮಗುವಿನ ಅಳತೆಯ ಹೆಲ್ಮೆಟ್ ಹಾಕಬೇಕು, ವೇಗ 40 ಕಿ.ಮೀ. ದಾಟಬಾರದು. ಹೈವೇಯಲ್ಲಿ ಲಾರಿಗಳ ಮಧ್ಯೆ 40ರಲ್ಲಿ ದುರ್ಗದ ತನಕ ಹೋಗೋದನ್ನು ನೆನೆಸಿಕೊಳ್ಳಿ.

ಸರ್ಕಾರಿ ಬಸ್ಸಿಗೆ ಹೋಗಿ. ಶಕ್ತಿ ಯೋಜನೆಯಲ್ಲಿ ನಿಮಗೂ ಅತ್ತೆಯವರಿಗೂ ದುಡ್ಡಿಲ್ಲ, ಆಧಾರ್ ಮರೆಯಬೇಡಿ. ಆರು ವರ್ಷದೊಳಗಿನ ಮಗುವಿಗೂ ಟಿಕೆಟ್ ಇಲ್ಲ. ಅಂದರೆ ದುಡ್ಡು ಕೊಡೋದು ನಿಮ್ಮ ಮನೆಯವರು ಒಬ್ಬರೇ. ಮಗು ಹೊರೋದೂ ಅವರೇ. ಪಾಪ! ಖಾಸಗಿ ಬಸ್ಸು ಹತ್ತಿಬಿಟ್ಟರೆ ಈ ಲೆಕ್ಕ ನಡೆಯಲ್ಲ, ನೋಡಿಕೊಂಡು ಹತ್ತಿ. ಬೆಳಿಗ್ಗೆ ಆರರ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿದ್ದರೆ ಅಜ್ಜ ಹೇಳಿದ ಎಂಟು ಗಂಟೆಗೆ ಆರಾಮಾಗಿ ಆಗುತ್ತೆ. ದುರ್ಗದಲ್ಲಿ ಇಳಿದು ಆಟೋ ಮಾಡಿ. ವಾಪಸ್ ಬರುವಾಗ ಹನ್ನೊಂದೂವರೆ, ಹನ್ನೆರಡರ ಬಸ್ಸು ಹಿಡಿದರೆ ಅವಳ ಒಂದು ಗಂಟೆ ನಿದ್ದೆ ಬಸ್ಸಿನಲ್ಲೇ ಆಗಿಹೋಗುತ್ತೆ.

ಅತ್ತೆಯವರಿಗೆ ಹತ್ತೋದು ಕಷ್ಟ ಅಂದರೆ ಒಂದು ಭಾನುವಾರ ನಮ್ಮ ಹರಿಹರಕ್ಕೆ ಬನ್ನಿ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಹರಿಹರೇಶ್ವರ ದೇವಸ್ಥಾನ 1224ರದ್ದು, ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ನೆಲ ಸಮ ಇದೆ. ಮಂಟಪದಲ್ಲಿ ನುಣುಪಾದ ಕಂಬಗಳು, ಬೇಸಿಗೆಯಲ್ಲೂ ತಂಪು. ನನ್ನ ಮಗ ಕಂಬ ತಬ್ಬಿಕೊಂಡು ಒಂದರಿಂದ ಇನ್ನೊಂದಕ್ಕೆ ಓಡುತ್ತಾನೆ, ನಾನು ಕೂತಲ್ಲಿಂದಲೇ ನೋಡಿಕೊಳ್ಳಬಹುದು. ದೇವರು ಅರ್ಧ ಹರಿ, ಅರ್ಧ ಹರ. ಇಬ್ಬರೂ ಒಂದೇ ಶರ್ಟು ಹಾಕಿಕೊಂಡಿದ್ದಾರಾ ಅಂತ ಕೇಳಿದ.

ರಜೆ ಇಲ್ಲದ ಅಪ್ಪ:

ಇಷ್ಟೆಲ್ಲ ಯೋಚನೆ ಯಾಕೆ? ನಾವು ನಾಲ್ಕು ವರ್ಷದ ಮಗನ ಜೊತೆ ಒಂದೇ ದಿನದಲ್ಲಿ ಕೋಟೆ, ಚಂದ್ರವಳ್ಳಿ, ಆಡುಮಲ್ಲೇಶ್ವರದ ಮೃಗಾಲಯ, ಆಮೇಲೆ ಹಿರಿಯೂರು ಕಡೆ ಹೋಗಿ ವಾಣಿವಿಲಾಸ ಸಾಗರ ಎಲ್ಲ ಮುಗಿಸಿದ್ದೇವೆ. ಕಾರು ಇದ್ದರೆ ಆಗುತ್ತೆ. ಮಕ್ಕಳು ಅಡ್ಜಸ್ಟ್ ಆಗುತ್ತಾರೆ.

ವಿದ್ಯಾನಗರದ ಅಮ್ಮ, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಸರ್, ಕಾರಿನ ಮಾತು ಬಿಡಿ. ಅಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮಗನಿಗೆ ಏನು ನೆನಪಿದೆ?

ರಜೆ ಇಲ್ಲದ ಅಪ್ಪ:

ಟೋಲ್ ಗೇಟ್. ಕಂಬ ತಾನಾಗೇ ಮೇಲೆ ಏಳುತ್ತಲ್ಲ, ಅದು. ಈಗಲೂ ಮನೆ ಬಾಗಿಲಲ್ಲಿ ಪೊರಕೆ ಅಡ್ಡ ಹಿಡಿದು ದುಡ್ಡು ಕೇಳುತ್ತಾನೆ.

ಕೋಟೆ ಕೆಳಗಿನ ಅಜ್ಜ, ಚಿತ್ರದುರ್ಗ:

ನಿಮ್ಮ ಹುಡುಗ ಜಾಣ ಸ್ವಾಮಿ.

ವಾಣಿವಿಲಾಸ ಸಾಗರ ಚೆನ್ನಾಗಿದೆ, ಇಲ್ಲ ಅನ್ನಲ್ಲ. ನಾವು ಮಾರಿಕಣಿವೆ ಅಂತೀವಿ. 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲೇ ಮತ್ತೆ ಬಿತ್ತು. ಆ ವರ್ಷ ನಮ್ಮ ಜಿಲ್ಲೆಯವರೆಲ್ಲ ನೆಂಟರ ಮನೆ ಮದುವೆಗೆ ಹೊರಟಷ್ಟು ಸಡಗರದಿಂದ ಕೋಡಿ ನೋಡೋಕೆ ಹೋದರು. ಆದರೆ ದಾವಣಗೆರೆಯಿಂದ ನೂರು ಕಿ.ಮೀ. ದಾಟುತ್ತೆ. ಮೂರು ವರ್ಷದವಳಿಗೆ ದಿನವೆಲ್ಲ ಬಸ್ಸೇ ಆಗಿಬಿಡುತ್ತೆ. ಅದನ್ನು ಬಿಡಿ.

ಚಂದ್ರವಳ್ಳಿ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಮರದ ನೆರಳು, ಕೆರೆ, ಹೆಚ್ಚು ಹತ್ತೋದಿಲ್ಲ, ಅತ್ತೆಯವರಿಗೂ ಆಗುತ್ತೆ. ಆ ಕೆರೆ ಬಗ್ಗೆ ಕದಂಬರ ಮಯೂರಶರ್ಮನ ಶಾಸನ ಅಲ್ಲೇ ಬಂಡೆ ಮೇಲಿದೆ. ಅಲ್ಲಿ ಅಗೆದಾಗ ರೋಮನ್ನರ ನಾಣ್ಯ ಸಿಕ್ಕಿದ್ದವು. ಕಲ್ಲು ಆರಿಸುವವಳಿಗೆ ಇದನ್ನು ಹೇಳಬೇಡಿ, ಸಂಜೆ ತನಕ ಎದ್ದು ಬರಲ್ಲ. ಅಂಕಲಿ ಮಠದ ಗುಹೆ ಒಳಗೆ ಕತ್ತಲು, ಚಿಕ್ಕ ಮಕ್ಕಳು ಹೆದರುತ್ತಾರೆ. ಹೊರಗೇ ಇರಿ.

ವಿದ್ಯಾನಗರದ ಅಮ್ಮ, ದಾವಣಗೆರೆ:

ಅಜ್ಜ, ಬರುವ ಭಾನುವಾರ ಅಂತ ನಿರ್ಧಾರ ಆಯ್ತು. ಮನೆಯವರು ಒಪ್ಪಿದರು, ವಾಪಸ್ ಬಂದ ಮೇಲೆ ಬೆಣ್ಣೆ ದೋಸೆ ಕೊಡಿಸಬೇಕು ಅನ್ನೋ ಷರತ್ತಿನ ಮೇಲೆ. ಇವಳು ನಿನ್ನೆಯಿಂದ ಚಪಾತಿ ಲಟ್ಟಣಿಗೆ ಹಿಡಿದು ಓಬವ್ವ ಆಗಿದ್ದಾಳೆ. ಅಪ್ಪ ಬಾಗಿಲಿಂದ ಒಳಗೆ ಬರುವ ಹಾಗಿಲ್ಲ.

ಒಂದೇ ತೊಂದರೆ. ಅತ್ತೆಗೆ ಹರಿಹರದ ವಿಷಯ ಓದಿ ಹೇಳಿದೆ. "ಹರಿಹರ ನನ್ನ ತವರು ಕಣೇ, ನನಗೇನು ತೋರಿಸ್ತೀಯಾ? ಕೋಟೆ ಒಂದು ಸಲವೂ ನೋಡಿಲ್ಲ, ನಾನೂ ಬರುತ್ತೇನೆ" ಅಂತ ಹಟ ಹಿಡಿದಿದ್ದಾರೆ. ಮಂಡಿ ನೋವಿನವರು ಎಲ್ಲಿ ತನಕ ಬರಬಹುದು?

ಕೋಟೆ ಕೆಳಗಿನ ಅಜ್ಜ, ಚಿತ್ರದುರ್ಗ:

ಧಾರಾಳವಾಗಿ ಬರಲಿ. ಮೊದಲ ಬಾಗಿಲುಗಳ ತನಕ ನಿಧಾನಕ್ಕೆ ನಡೆದರೆ ತೊಂದರೆ ಇಲ್ಲ. ಅಲ್ಲಿ ಗೋಡೆ ನೆರಳಲ್ಲಿ ಕೂರಲಿ, ನೀವು ಹತ್ತಿ ಇಳಿದು ಬನ್ನಿ. ಒಬ್ಬರೇ ಕೂರೋದು ಬೇಡ, ನೀವೂ ನಿಮ್ಮ ಮನೆಯವರೂ ಸರದಿ ಮಾಡಿಕೊಳ್ಳಿ. ಊಟದ ಬ್ಯಾಗ್ ಮಾತ್ರ ಅವರ ಹತ್ರ ಬಿಡಬೇಡಿ. ಕೈಗೆ ಒಂದು ಕೋಲು ಕೊಡಿ. ಮಂಡಿಗೂ ಆಯ್ತು, ಕೋತಿಗೂ ಆಯ್ತು.