ಲಸಿಕೆ ಕೋಷ್ಟಕದಲ್ಲಿ 9 ತಿಂಗಳಿಗೆ ಎಂಆರ್ ಹಾಕಬೇಕೋ, ಎಂಎಂಆರ್ ಹಾಕಬೇಕೋ?

ಪುರವಣಿ ಡೆಸ್ಕ್:
ಮಕ್ಕಳ ಲಸಿಕೆಯ ಕೋಷ್ಟಕ ಪುಟಕ್ಕೆ ಹೋಗಬೇಕಿದೆ. ತಾಯಿ ಕಾರ್ಡ್‌ನಲ್ಲಿ 9 ತಿಂಗಳಿಗೆ ಎಂಆರ್ ಇದೆ, ಖಾಸಗಿ ಕ್ಲಿನಿಕ್ಕಿನ ಪಟ್ಟಿಯಲ್ಲಿ ಎಂಎಂಆರ್. ಎರಡನ್ನೂ ಸೇರಿಸಿ ಒಂದೇ ಕೋಷ್ಟಕ ಮಾಡಬಹುದೇ?

ಕೋಲ್ಡ್ ಬಾಕ್ಸ್:
ಬೇಡ. ಎರಡೂ ಸರಿ, ಪಟ್ಟಿ ಬೇರೆ ಬೇರೆ. ಎಂಆರ್ ಸರ್ಕಾರದ ಉಚಿತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ್ದು: ದಡಾರ, ರುಬೆಲ್ಲಾ. ಮಕ್ಕಳ ತಜ್ಞರ ಸಂಘವಾದ ಐಎಪಿಯ ಪಟ್ಟಿಯಲ್ಲಿ ಮಂಗನಬಾವು ಸೇರಿ ಎಂಎಂಆರ್ ಆಗುತ್ತದೆ. ಟೈಫಾಯ್ಡ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಕೂಡ ಇರುತ್ತವೆ. ಬೆರೆಸಿ ಅಚ್ಚು ಹಾಕಿದರೆ ಮರುದಿನ ಆಶಾ ಕಾರ್ಯಕರ್ತೆಗೆ ‘ನಮ್ಮ ಮಗುವಿಗೆ ಟೈಫಾಯ್ಡ್ ಸೂಜಿ ಯಾಕಿಲ್ಲ’ ಎಂಬ ತಗಾದೆ ಶುರು. ಯಾರ ಪಟ್ಟಿ ಎಂಬುದು ಶೀರ್ಷಿಕೆಯಲ್ಲೇ ಬರಲಿ.

ಹಳೆಯ ಗ್ರಾಫಿಕ್ ಎತ್ತಿಕೊಳ್ಳಬೇಡಿ. ಸರ್ಕಾರಿ ಪಟ್ಟಿಯಲ್ಲಿ ಪೋಲಿಯೊ ಸೂಜಿ 6 ಮತ್ತು 14 ವಾರಕ್ಕೆ ಮಾತ್ರ ಇದ್ದರೆ ಅದು 2023ಕ್ಕಿಂತ ಹಿಂದಿನದು. ಈಗ 9 ತಿಂಗಳಿಗೆ ಮೂರನೆಯದೂ ಇದೆ. ಸರ್ಕಾರಿ ಕೇಂದ್ರದಲ್ಲಿ ಅದನ್ನು ಚರ್ಮದೊಳಗೆ 0.1 ಮಿ.ಲೀ. ಕೊಡುತ್ತಾರೆ, ಖಾಸಗಿಯಲ್ಲಿ ಸಾಮಾನ್ಯವಾಗಿ ಸ್ನಾಯುವಿಗೆ 0.5. ‘ಬಡ ಮಕ್ಕಳಿಗೆ ಅರೆಬರೆ ಡೋಸ್’ ಅಂತ ಸುದ್ದಿ ಮಾಡಿಬಿಟ್ಟೀರಿ! ಚರ್ಮದೊಳಗೆ ಕೊಟ್ಟಾಗ ಅಷ್ಟು ಪ್ರಮಾಣವೇ ಕೆಲಸ ಮಾಡುತ್ತದೆ.

ಕರಡು ತಿದ್ದುವವ:
‘9ನೇ ತಿಂಗಳಲ್ಲಿ’ ಅಲ್ಲ, ‘9 ತಿಂಗಳು ತುಂಬಿದ ಮೇಲೆ’. 9ನೇ ತಿಂಗಳು ನಡೆಯುತ್ತಿರುವ ಮಗುವಿಗೆ ತುಂಬಿರುವುದು ಎಂಟೇ. ತಾಯಿಯಿಂದ ಬಂದ ಪ್ರತಿಕಾಯ ಉಳಿದಿದ್ದರೆ ದಡಾರ ಲಸಿಕೆ ಸರಿಯಾಗಿ ನಾಟುವುದಿಲ್ಲ. 6, 10, 14 ವಾರದ ಡೋಸ್‌ಗಳ ವಯಸ್ಸನ್ನು ತಿಂಗಳಿಗೆ ಪರಿವರ್ತಿಸುವ ಗೋಜಿಗೇ ಹೋಗಬೇಡಿ. ಫೋಟೊ ಕೂಡ ನೋಡಿ: ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾ ಕೊಡುವುದು ಎಡ ತೊಡೆಗೆ, ತೋಳಿಗಲ್ಲ.

ಕೋಲ್ಡ್ ಬಾಕ್ಸ್:
ತಡವಾದವರಿಗೂ ಒಂದು ಸಾಲು ಬೇಕು. ಡೋಸ್ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಪೆಂಟಾ ಡೋಸ್‌ಗಳ ನಡುವೆ ಕನಿಷ್ಠ 4 ವಾರ ಇರಬೇಕು. ಸರ್ಕಾರಿ ಕಾರ್ಯಕ್ರಮದಲ್ಲಿ ಕ್ಷಯದ ಲಸಿಕೆ ಬಿಸಿಜಿಗೆ 1 ವರ್ಷ, ಎಂಆರ್‌ಗೆ 5 ವರ್ಷದವರೆಗೆ ಅವಕಾಶವಿದೆ. ಹೆಪಟೈಟಿಸ್ ಬಿ ಜನನ ಡೋಸ್ ಮಾತ್ರ 24 ಗಂಟೆಯೊಳಗೇ.

ಇನ್ನು ‘ಲಸಿಕೆ ಪಡೆದ ಮಗು ಸಾವು’ ಎಂಬ ಸುದ್ದಿ ಬಂದರೆ, ಶೀರ್ಷಿಕೆ ಕೊಡುವ ಮುನ್ನ ಕೇಳಿ: ಯಾವ ಲಸಿಕೆ, ಬ್ಯಾಚ್ ಸಂಖ್ಯೆ ಏನು, ಅದೇ ಬಾಟಲಿಯಿಂದ ಹಾಕಿಸಿಕೊಂಡ ಉಳಿದ ಮಕ್ಕಳು ಹೇಗಿದ್ದಾರೆ? ಎಂಆರ್ ಆಗಿದ್ದರೆ ಲಸಿಕೆಯ ಪುಡಿಯನ್ನು ದ್ರವದಲ್ಲಿ ಕಲಸಿದ್ದು ಎಷ್ಟು ಹೊತ್ತಿಗೆ? 4 ಗಂಟೆ ಮೀರಿದರೆ ಬಳಸುವಂತಿಲ್ಲ, ರೋಗಾಣು ಬೆಳೆಯಬಹುದು. ‘ಲಸಿಕೆಯ ನಂತರ’ ಬೇರೆ, ‘ಲಸಿಕೆಯಿಂದ’ ಬೇರೆ. ಎರಡನೆಯದನ್ನು ತನಿಖಾ ಸಮಿತಿ ಹೇಳುವವರೆಗೆ ಬರೆಯಬೇಡಿ.

ಪುರವಣಿ ಡೆಸ್ಕ್:
ಜೆಇ (ಜಪಾನೀಸ್ ಮಿದುಳು ಜ್ವರದ ಲಸಿಕೆ) ಎಲ್ಲ ಜಿಲ್ಲೆಗೂ ಅಂತ ಕೋಷ್ಟಕದಲ್ಲಿ ಹಾಕಲೇ?

ಕರಡು ತಿದ್ದುವವ:
ಇಲ್ಲ, ಮಿದುಳು ಜ್ವರದ ಹಾವಳಿಯಿರುವ ಆಯ್ದ ಜಿಲ್ಲೆಗಳಿಗೆ ಮಾತ್ರ. ನಿಮ್ಮ ಆವೃತ್ತಿಯ ಜಿಲ್ಲೆ ಅದರಲ್ಲಿದೆಯೇ ಎಂದು ಜಿಲ್ಲೆಯ ತಾಯಿ-ಮಕ್ಕಳ ಆರೋಗ್ಯ (ಆರ್‌ಸಿಎಚ್) ಅಧಿಕಾರಿಗೆ ಫೋನ್ ಮಾಡಿ ಕೇಳಿ.